ಪಟ್ಟಿ ಮೂರು ಎಂದಿತು, ತಮ್ಮ ಎಂಟು ಎಂದ

ಗದಗ, ಇಸವಿ ೨೧೯೧, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಹಿಂದಿನ ಕಾಲದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಕೆಲವು ಪದಗಳೂ ನಿಮ್ಮ ಕಿವಿಗೆ ಹೊಸತಾಗಿ ಕೇಳಿಸಬಹುದು, ಮನ್ನಿಸಿ. ನನ್ನ ಹೆಸರು ಕಾಶವ್ವ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಮಾತ್ರೆಗಾಗಿ ಸುಳ್ಳು ನೋವು ಹೇಳಿಕೊಂಡು ಬರುವವರನ್ನು ಕಂಡು ಕಂಡು, ನರಳುವ ಯಾರನ್ನೇ ಆಗಲಿ ಮೊದಲು ಅನುಮಾನಿಸುವುದು ನನಗೆ ರೂಢಿಯಾಗಿತ್ತು. ಅದರಿಂದ ನನ್ನ ತಮ್ಮನಿಗೆ ಏನಾಯಿತು ಎಂಬುದನ್ನು ಹೇಳುತ್ತೇನೆ.

ತಮ್ಮ ಫಕೀರಪ್ಪ ಕಪ್ಪತಗುಡ್ಡದ ಮೇಲೆ ಕರೆಂಟು ಹುಟ್ಟಿಸುವ ಗಾಳಿಕಂಬಗಳನ್ನು ಹತ್ತಿ ರಿಪೇರಿ ಮಾಡುತ್ತಿದ್ದ. ಒಂದು ದಿನ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ. ಆಪರೇಷನ್ ಮಾಡಿದ ಡಾಕ್ಟರ್ ಮೆಹರುನ್ನಿಸಾ ಅಫೀಮಿನ ಕುಲದ ಮಾತ್ರೆ ಬರೆದುಕೊಟ್ಟರು. ಅವು ನಿಮ್ಮ ಕಾಲದಲ್ಲೂ ಇದ್ದಂಥವೇ; ನಮ್ಮಲ್ಲೂ ಅವುಗಳಿಗಿಂತ ಒಳ್ಳೆಯದು ಹುಟ್ಟಿಲ್ಲ. ಅಂಥ ಮಾತ್ರೆ ಮುರಿದ ಮೂಳೆಯನ್ನು ಕೂಡಿಸುವುದಿಲ್ಲ. ಮೆದುಳು ಮತ್ತು ಬೆನ್ನುಹುರಿಯಲ್ಲಿರುವ ಸಣ್ಣ ಬೀಗಗಳಿಗೆ ಕೀಲಿಯಂತೆ ಹೊಕ್ಕು, ನೋವಿನ ಸುದ್ದಿ ಮೇಲೆ ಹೋಗದಂತೆ ತಗ್ಗಿಸುತ್ತದೆ. ಆದರೆ ಅದೇ ಬೀಗಗಳು ಕರುಳಿನಲ್ಲೂ ಇವೆ, ಉಸಿರಾಟವನ್ನು ನಡೆಸುವ ಜಾಗದಲ್ಲೂ ಇವೆ. ಹಾಗಾಗಿ ಮಲ ಕಟ್ಟುತ್ತದೆ, ಮಂಪರು ಕವಿಯುತ್ತದೆ. ದೇಹ ತಾಳುವುದಕ್ಕಿಂತ ಹೆಚ್ಚಾದರೆ ಉಸಿರಾಡುವುದೇ ಮರೆತುಹೋಗುತ್ತದೆ.

ತಮ್ಮನ ಹೆಂಡತಿ ಗಂಗವ್ವ ಹಗಲೆಲ್ಲ ನೀರಿನ ಘಟಕದಲ್ಲಿ ದುಡಿಯುತ್ತಿದ್ದಳು. ಹಾಗಾಗಿ ಮಾತ್ರೆ ಕೊಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ನಮ್ಮ ಕಾಲದಲ್ಲಿ ರೋಗಿಯ ಮಣಿಕಟ್ಟಿಗೆ ನೋವುಪಟ್ಟಿ ಕಟ್ಟುತ್ತಾರೆ. ನಾಡಿ, ಬೆವರು ನೋಡಿ ನೋವು ಎಷ್ಟೆಂದು ಅದು ಒಂದರಿಂದ ಹತ್ತರೊಳಗೆ ಅಂಕಿ ತೋರಿಸುತ್ತದೆ. ಐದನೆಯ ವಾರ ಫಕೀರಪ್ಪ ಮಾತ್ರೆ ಸಾಲುತ್ತಿಲ್ಲ, ನೋವು ಎಂಟರಷ್ಟಿದೆ ಎಂದ. ಪಟ್ಟಿ ಮೂರು ತೋರಿಸುತ್ತಿತ್ತು. ಕದ್ದು ಮಾತ್ರೆ ಕೂಡಿಡುತ್ತಿದ್ದಾನೆ ಎಂದು ಅನುಮಾನಿಸಿ ನಾನು ಅವನ ದಿಂಬು, ಹಾಸಿಗೆಯನ್ನೆಲ್ಲ ತಡಕಿದೆ. ಏನೂ ಸಿಗಲಿಲ್ಲ, ಚೆನ್ನಾಗಿ ಬಚ್ಚಿಟ್ಟಿದ್ದಾನೆ ಎಂದುಕೊಂಡೆ. ನಾನು ತಡಕುವುದನ್ನು ಅವನು ನೋಡುತ್ತಿದ್ದ.

"ಪಟ್ಟಿ ಏನರ ತೋರಿಸ್ಲಿ ಅಕ್ಕಾ," ಅಂದ. "ನೋವು ನಂದೈತಿ, ಪಟ್ಟೀದಲ್ಲ."

ಚಟ ಹತ್ತಿದವರೆಲ್ಲ ಹೀಗೇ ಮಾತಾಡುತ್ತಾರೆ ಎನಿಸಿತು. ಡಾಕ್ಟರನ್ನು ಕೇಳದೆ ಮರುದಿನವೇ ಮಾತ್ರೆ ಪೂರ್ತಿ ನಿಲ್ಲಿಸಿದೆ. ಅವನು ಬೆವರಿದ, ನಡುಗಿದ, ಭೇದಿಯಾಗಿ ಸೋತುಹೋದ. ವಾರಗಟ್ಟಲೆ ನುಂಗಿದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಯಾರ ದೇಹಕ್ಕಾದರೂ ಆಗುವುದು ಅದೇ. ನನಗೆ ಮಾತ್ರ ಅದು ಅವನ ಕಳ್ಳತನಕ್ಕೆ ಸಿಕ್ಕ ಸಾಕ್ಷಿಯಾಗಿ ಕಂಡಿತು. ಶೀತಜ್ವರ ಎಂದು ಗಂಗವ್ವನಿಗೆ ಸುಳ್ಳು ಹೇಳಿದೆ.

ಹದಿನೈದು ದಿನ ಕಳೆಯಿತು. ನೋವು ತಾಳಲಾರದೆ ಅವನು ನನಗೆ ಗೊತ್ತಾಗದಂತೆ ಜೊತೆಗಾರನೊಬ್ಬನ ಮನೆಯಲ್ಲಿ ಉಳಿದಿದ್ದ ಅದೇ ಜಾತಿಯ ಮಾತ್ರೆಗಳನ್ನು ತರಿಸಿಕೊಂಡ. ಮೊದಲು ಎಷ್ಟು ತೆಗೆದುಕೊಳ್ಳುತ್ತಿದ್ದನೋ ಅಷ್ಟನ್ನೇ ನುಂಗಿದ. ಮಧ್ಯಾಹ್ನ ಅವನ ಕೋಣೆಯಿಂದ ವಿಚಿತ್ರವಾದ ಗೊರಕೆ ಕೇಳಿಸಿತು. ಇಷ್ಟು ಗಾಢ ನಿದ್ದೆ ಬರುವವನಿಗೆ ಅದೆಂಥ ನೋವು ಎಂದುಕೊಂಡು ನಾನು ಎದ್ದು ನೋಡಲಿಲ್ಲ.

ಕೆಲಸದಿಂದ ಬಂದ ಗಂಗವ್ವ ನನ್ನನ್ನು ಕೂಗಿದಳು. ಅವನ ತುಟಿ ನೀಲಿಯಾಗಿತ್ತು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು, ನಿಮಿಷಕ್ಕೆ ನಾಲ್ಕು ಉಸಿರೂ ಇರಲಿಲ್ಲ. ಮಾತ್ರೆಯ ಜೊತೆಗೇ ಆಸ್ಪತ್ರೆಯವರು ಕೊಟ್ಟಿದ್ದ ಮರುಉಸಿರು ಎಂಬ ತುಂತುರನ್ನು ಗಂಗವ್ವ ಅವನ ಮೂಗಿಗೆ ಹೊಡೆದಳು. ಬೀಗಕ್ಕೆ ಹೊಕ್ಕ ಕೀಲಿಯನ್ನು ಸ್ವಲ್ಪ ಹೊತ್ತು ಹೊರದಬ್ಬುವ ಔಷಧಿ ಅದು. ಅದರ ಬಲ ತೀರಿದ ಮೇಲೆ ಉಸಿರು ಮತ್ತೆ ನಿಲ್ಲಬಹುದು. ಅದಕ್ಕೇ ಆಂಬುಲೆನ್ಸ್ ಬರುವವರೆಗೆ ನಾನು ಬಾಯಿಗೆ ಬಾಯಿಟ್ಟು ಊದುತ್ತಲೇ ಇದ್ದೆ.

ಅವನು ಬದುಕಿದ. ಆದರೆ ಉಸಿರು ಸಾಲದೆ ಮೆದುಳಿಗೆ ಪೆಟ್ಟಾಗಿದೆ; ಬಲಗೈ ನಟ್ಟು ತಿರುಗಿಸುವ ಪಾನಾ ಹಿಡಿಯುವುದಿಲ್ಲ, ಮಾತು ತಡೆತಡೆದು ಬರುತ್ತದೆ.

ಡಾಕ್ಟರ್ ಮೆಹರುನ್ನಿಸಾ ಎಕ್ಸ್‌ರೇ ತೋರಿಸಿ, "ಅಂವ ಸುಳ್ಳ ಹೇಳಿದ್ದಿಲ್ಲರಿ ಕಾಶವ್ವ. ಮೂಳಿಗೆ ಹಾಕಿದ ಸ್ಕ್ರೂ ಸರದೈತಿ," ಅಂದರು. ಪಟ್ಟಿ ನೋಡುವುದು ನಾಡಿ, ಬೆವರನ್ನು ಮಾತ್ರ, ನೋವು ಯಾವಾಗಲೂ ಅವುಗಳಲ್ಲಿ ಕಾಣುವುದಿಲ್ಲ ಎಂದರು. ಜೊತೆಗೆ ಅವನ ದೇಹ ಮಾತ್ರೆಗೆ ಒಗ್ಗಿತ್ತು, ಅದಕ್ಕೂ ಚಟಕ್ಕೂ ವ್ಯತ್ಯಾಸವಿದೆ ಎಂದರು. ಮಾತ್ರೆ ನಿಂತ ದಿನಗಳಲ್ಲಿ ಒಗ್ಗಿದ್ದೂ ಹೋಯಿತು. ಹಳೆಯ ಪ್ರಮಾಣವೇ ಅವನಿಗೆ ವಿಷವಾಯಿತು. ನರ್ಸ್ ಆಗಿದ್ದ ನನಗೆ ಇದೆಲ್ಲ ತಿಳಿದೇ ಇತ್ತು ಎಂಬುದನ್ನು ಅವರು ಹೇಳಲಿಲ್ಲ, ಅಷ್ಟು ದೊಡ್ಡವರು.

ಚಟ ಸುಳ್ಳಲ್ಲ, ಅದು ಎಷ್ಟೋ ಮನೆಗಳನ್ನು ಕೆಡಿಸಿದೆ. ಹಾಗಾಗಿ ಮಾತ್ರೆಯನ್ನು ಅನುಮಾನಿಸಿ. ನಿದ್ದೆಮಾತ್ರೆ, ಸಾರಾಯಿಯ ಜೊತೆ ಅದನ್ನು ಸೇರಿಸಬೇಡಿ. ಉಳಿದದ್ದನ್ನು ಮನೆಯಲ್ಲಿಡಬೇಡಿ, ಯಾರಿಗೂ ಕೊಡಬೇಡಿ. ನಿಲ್ಲಿಸುವುದಿದ್ದರೆ ಡಾಕ್ಟರನ್ನು ಕೇಳಿ, ಮೆಲ್ಲಗೆ ಇಳಿಸಿ. ಆದರೆ ನೋಯುತ್ತದೆ ಎಂದವರ ದಿಂಬು ತಡಕುವ ಮೊದಲು ಅವರ ಪಕ್ಕ ಒಂದು ಗಳಿಗೆ ಕುಳಿತುಕೊಳ್ಳಿ.

ಈಗ ಹೇಗಿದೆ ಎಂದು ನಾನು ಕೇಳಿದಾಗಲೆಲ್ಲ ಫಕೀರಪ್ಪ ಆರಾಮ ಇದ್ದೇನೆ ಎನ್ನುತ್ತಾನೆ. ಆಮೇಲೆ ಗಂಗವ್ವ ಒಳಗೆ ಹೋಗಿ ಬಾಗಿಲು ಮುಚ್ಚಿ ಕೇಳುತ್ತಾಳೆ. ನಿಜವನ್ನು ಅವಳಿಗೆ ಹೇಳುತ್ತಾನೆ.