ಅಪ್ಪನ ಎದೆಯೊಳಗಿನ ಅಂಟು

ಮಾಸೂರು
೯ ಜನವರಿ ೨೦೨೫

ಪ್ರೀತಿಯ ಮಗ ಪ್ರಶಾಂತನಿಗೆ ಅವ್ವ ಬರೆಯುವುದು,

ಹೇಗಿದ್ದೀಯಪ್ಪಾ? ಆ ಲಡಾಖಿನ ಹಿಮದಲ್ಲಿ ಕಾವಲು ನಿಲ್ಲುವಾಗ ಎರಡು ಜೋಡಿ ಕಾಲುಚೀಲ ಹಾಕಿಕೊಳ್ಳುತ್ತೀಯೋ ಇಲ್ಲವೋ? ಕಳಿಸಿದ ಶೇಂಗಾ ಚಟ್ನಿಪುಡಿ ಮುಟ್ಟಿತೇ? ನೀನು ಫೋನು ಮಾಡಿದಾಗಲೆಲ್ಲ ನಿಮ್ಮಪ್ಪ ಮುಂದೆಯೇ ಕೂತಿರುತ್ತಾರೆ, ನಾನು ಬಾಯಿ ಬಿಡುವಂತಿಲ್ಲ. ಅದಕ್ಕೇ ಈ ಕಾಗದ.

ನಿಮ್ಮಪ್ಪನ ಆರೋಗ್ಯ ಚೆನ್ನಾಗಿದೆ. ಹುಬ್ಬಳ್ಳಿಯಲ್ಲಿ ಹೃದಯದ ಆಪರೇಷನ್ ಆದ ಮೇಲೆ ಈಗ ರೊಟ್ಟಿ ಬದನೆಕಾಯಿ ಉಣ್ಣುತ್ತಾರೆ, ಮದಗದ ಕೆರೆ ಏರಿಯ ತನಕ ನಡೆಯುತ್ತಾರೆ, ನನ್ನ ಮೇಲೆ ರೇಗುತ್ತಾರೆ. ಕೆಟ್ಟಿರುವುದು ಎದೆಯಲ್ಲ, ತಲೆ. ಆವತ್ತು ಹೊಲಿಗೆ ಹಾಕಿದ ಕಡೆ ರಕ್ತ ಒಸರುವುದು ನಿಲ್ಲಲಿಲ್ಲವಂತೆ. ಆಗ ಡಾಕ್ಟರು ದಾನದ ರಕ್ತದಿಂದ ತಯಾರಿಸಿದ ಒಂದು ಅಂಟನ್ನು ಹೊಲಿಗೆಯ ಮೇಲೆ ಹಚ್ಚಿ ನಿಲ್ಲಿಸಿದರಂತೆ. ಮನೆಗೆ ಕಳಿಸುವ ದಿನ, "ನಿಮ್ಮ ಮನೆಯವರು ಕೊಟ್ಟ ರಕ್ತದ್ದೇ ಅಂಟು" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ರಕ್ತ ಕೊಟ್ಟವನು ಯಾರು? ನಮ್ಮ ಪೂಜಾಳಿಗೆ ನಿಶ್ಚಯವಾದ ಶಿಗ್ಗಾಂವದ ಹುಡುಗ ಚನ್ನೇಶ.

ಅಲ್ಲಿಂದ ಶುರು. ಒಂದೇ ಬೆಡಗಿನವರು, ಎಂದರೆ ಒಂದೇ ಗೋತ್ರದವರು, ಅಣ್ಣತಂಗಿಯರಿದ್ದ ಹಾಗೆ, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಅದು ನಿನಗೂ ಗೊತ್ತು. ಇವರು ಆ ಲೆಕ್ಕವನ್ನು ಇಲ್ಲಿಗೆ ಎಳೆದು ತಂದಿದ್ದಾರೆ. "ಚನ್ನೇಶನ ರಕ್ತ ನನ್ನ ಎದ್ಯಾಗ ಅಂಟ್ಕೊಂಡೈತಿ ಅಂದ್ರ ಅಂವ ನನ್ನ ರಕ್ತ ಆದ, ಮಗ ಆದ. ಮಗಗ ಮಗಳ್ನ ಹೆಂಗ ಕೊಡ್ಲಿ?" ಎನ್ನುತ್ತಾರೆ. ಬಾಟಲಿಯಲ್ಲಿ ಏರಿಸಿದ ರಕ್ತಕ್ಕೆ ಇಲ್ಲದ ಬೆಡಗು ಈ ಅಂಟಿಗೆ ಎಲ್ಲಿಂದ ಬಂತು ಎಂದು ಕೇಳಿದರೆ, "ಅದು ಹರಕೊಂಡು ಹೋಗೂದು, ಇದು ಕುಂತಿದ್ದು" ಎಂದರು. ಅಂಟು ಕೆಲವು ವಾರಗಳಲ್ಲಿ ಕರಗುತ್ತದೆ ಎಂದು ಡಾಕ್ಟರೇ ಹೇಳಿದ್ದಾರಲ್ಲ ಎಂದೆ. "ಕರಗಿ ಎಲ್ಲಿ ಹೊಕ್ಕೈತಿ? ನನ್ನ ಮೈಯಾಗ ಕೂಡತೈತಿ!" ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಅವರ ಗೆಳೆಯ ಗುದ್ಲೆಪ್ಪ ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಾನೆ. ಕೇಳಿ ಕೇಳಿ ಯಾವುದು ಸರಿ, ಯಾವುದು ತಪ್ಪು ಎಂದು ನನಗೇ ತಿಳಿಯದಂತಾಗಿದೆ.

ಪೂಜಾ ಸರಿಯಾಗಿ ಉಣ್ಣುವುದನ್ನೇ ಬಿಟ್ಟಿದ್ದಾಳೆ. ಚನ್ನೇಶ ಬಂದು ಕಾಲು ಮುಟ್ಟಿದರೆ ಇವರು "ಬಾರೋ ಮಗನ" ಎಂದು ತಬ್ಬಿಕೊಳ್ಳುತ್ತಾರೆ; ಏನೂ ಗೊತ್ತಿಲ್ಲದೆ ಅವನಿಗೆ ಸಂತೋಷ, ಪಾಪ. ಮುಂದಿನ ತಿಂಗಳು ಲಗ್ನದ ಅಕ್ಕಿಕಾಳು ಬೀಳಬೇಕು, ಲಗ್ನಪತ್ರಿಕೆ ಅಚ್ಚಿಗೆ ಕೊಡಲು ಬಿಡುತ್ತಿಲ್ಲ. ನಿಮ್ಮ ಮಗ ಉಪಕಾರ ಮಾಡಿದ, ಅದಕ್ಕೇ ಹೆಣ್ಣು ಕೊಡುವುದಿಲ್ಲ ಎಂದು ಬೀಗರಿಗೆ ಹೇಳಲೇ? ಅಳುವೂ ಬರುತ್ತದೆ, ಸಿಟ್ಟೂ ಬರುತ್ತದೆ. ನಿನ್ನ ಮಾತನ್ನಾದರೂ ಕೇಳುತ್ತಾರೆ, ರಜೆ ಹಾಕಿ ಬಾ.

ನಿನ್ನ ಮೈ ಬೆಚ್ಚಗಿರಲಿ, ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಸರೋಜವ್ವ

ತಾ.ಕ.: ಲಕೋಟೆ ಮುಚ್ಚುವಷ್ಟರಲ್ಲಿ ಆಸ್ಪತ್ರೆಯ ರಕ್ತನಿಧಿಯಲ್ಲಿ ಕೆಲಸ ಮಾಡುವ ಸವಣೂರಿನ ಹುಡುಗಿ ಸುಹಾನಾಳ ಫೋನು ಬಂತು. ಪೂಜಾ ಅವಳನ್ನು ವಿಚಾರಿಸಿದ್ದಳಂತೆ. ಅಂಟು ಚನ್ನೇಶನ ರಕ್ತದ್ದಲ್ಲವಂತೆ! ಪೂಜಾ ಕುಣಿಯುತ್ತಿದ್ದಾಳೆ. ಆದರೆ ತಮ್ಮಾ, ಆವತ್ತು ನಾನೂ ರಕ್ತ ಕೊಟ್ಟಿದ್ದೆ. ಕೂಗಾಡುತ್ತಾರೆಂದು ನಿಮ್ಮಪ್ಪನಿಗೆ ಹೇಳಿರಲಿಲ್ಲ; ಅದನ್ನು ಬಾಟಲಿಯಲ್ಲೇ ಏರಿಸಿರಬೇಕು ಎಂದುಕೊಂಡಿದ್ದೆ. ಅಂಟು ನನ್ನದಂತೆ. ಅವರ ಲೆಕ್ಕ ಹಿಡಿದರೆ ಪೂಜಾಳ ಲಗ್ನ ಉಳಿಯಿತು, ನಮ್ಮದು ಮುರಿಯಿತು! ಬೇಗ ಬಂದು ಹೇಳು: ನಾನೀಗ ಅವರಿಗೆ ಹೆಂಡತಿಯೋ, ತಂಗಿಯೋ?