ಇಪ್ಪತ್ತು ಹೆರಿಗೆಗಳ ಪುಸ್ತಕ

ಚಿತ್ರದುರ್ಗ
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ಸಹನಾ,

ನರ್ಸಿಂಗ್ ಸ್ಕೂಲಿನ ಸರ್ವಮಂಗಳಾ ಮೇಡಂ ಕಾಗದ ಬರೆದಿದ್ದಾರೆಂದರೆ ಯಾವುದೋ ಮಾರ್ಕ್ಸ್ ಕಾರ್ಡಿನ ವಿಷಯ ಇರಬೇಕು ಅಂದುಕೊಳ್ಳುತ್ತೀಯ. ನನ್ನ ಮಗಳು ರೇಣುಕಾಗೂ ಹಾಗೇ ಹೇಳಿದ್ದೇನೆ. ಅವಳೇ ಈ ಲಕೋಟೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ನಾಳೆ ನಿನ್ನ ಆರೋಗ್ಯ ಕೇಂದ್ರಕ್ಕೆ ತರುತ್ತಾಳೆ. ಅಂಟು ಹಾಕಿ ಕೊಡುತ್ತೇನೆ. ಅವಳೆದುರು ಒಡೆಯಬೇಡ.

ಅವಳಿಗೆ ಎಂಟು ತಿಂಗಳು ತುಂಬಿದೆ. ನಾಲ್ಕು ದಿನಕ್ಕೆಂದು ಬಂದವಳನ್ನು ಹೆರಿಗೆಯವರೆಗೂ ಇಲ್ಲೇ ಉಳಿಸಿಕೊಳ್ಳಲು ಏನೇನೋ ಸರ್ಕಸ್ ಮಾಡಿದೆ. ಕೇಳಲಿಲ್ಲ. ಅಳಿಯ ಮಲ್ಲೇಶ್‌ಗೆ ಮಾರಿಕಣಿವೆ ಡ್ಯಾಮಿನಲ್ಲಿ ಕೆಲಸ, ದೊಡ್ಡ ಮಗುವಿಗೆ ಅಲ್ಲೇ ಅಂಗನವಾಡಿ ಎಂದಳು. ಅವೆಲ್ಲ ನೆಪ, ನಿಜವಾದ ಕಾರಣ ನೀನು. "ಅಲ್ಲಿ ನಿನ್ ಸ್ಟೂಡೆಂಟೇ ನರ್ಸ್ ಅದಾಳಲ್ಲಮ್ಮ, ನಂಗೇನು ಭಯ ಐತೆ? ನೀನು ಕಲಿಸಿದ ಕೈ ಅದು" ಎಂದು ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳಿದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಹೋದ ತಿಂಗಳು ನೀನು ಫೋನಿನಲ್ಲಿ ಅತ್ತದ್ದು ಕಿವಿಯಿಂದ ಹೋಗಿಲ್ಲ. "ಮಾಸು ಬೀಳ್ಲಿಲ್ಲ ಮೇಡಂ, ಹೊಕ್ಕುಳಬಳ್ಳಿ ಜಗ್ಗಿಬಿಟ್ಟೆ. ರಕ್ತ ನಿಲ್ಲಲೇ ಇಲ್ಲ." ಆಂಬುಲೆನ್ಸ್ ಹಿರಿಯೂರು ಮುಟ್ಟುವಷ್ಟರಲ್ಲಿ ಆ ಬಾಣಂತಿಗೆ ಪ್ರಜ್ಞೆ ಇರಲಿಲ್ಲವಂತೆ. ಬದುಕಿದಳು, ಯಾರ ಪುಣ್ಯವೋ. ಪಾಠ ಮಾಡುವಾಗ ಬುದ್ಧಿ ಎಲ್ಲಿಟ್ಟಿದ್ದೆ ಎಂದು ಅವತ್ತು ನಿನ್ನನ್ನು ಬೈದೆ. ಬೈಸಿಕೊಳ್ಳಬೇಕಾದವಳು ನಾನು. ಮಾಸು ತಾನಾಗಿ ಬಿಡುವ ಮುಂಚೆ ಬಳ್ಳಿ ಜಗ್ಗಬಾರದೆಂದು ಬೋರ್ಡಿನ ಮೇಲೆ ಒಂದೇ ಸಾಲು ಬರೆದು ಮುಂದಿನ ಪಾಠಕ್ಕೆ ಹೋಗಿದ್ದೆ. ನಿಮ್ಮ ಅರವತ್ತು ಜನಕ್ಕೆ ಇದ್ದದ್ದು ಒಂದು ರಬ್ಬರ್ ಗೊಂಬೆ. ಎಳೆದಾಗಲೆಲ್ಲ ಅದರ ಹೊಟ್ಟೆಯಿಂದ ಮಗು ಸಲೀಸಾಗಿ ಬರುತ್ತಿತ್ತು, ಒಂದು ತೊಟ್ಟು ರಕ್ತವೂ ಬರುತ್ತಿರಲಿಲ್ಲ.

ಆಸ್ಪತ್ರೆಗೆ ಕಳಿಸಿದರೆ ಗೋಡೆಗೊತ್ತಿಕೊಂಡು ನಿಂತು ನೋಡಿ ಬರುತ್ತಿದ್ದಿರಿ. ಆದರೆ ಪರೀಕ್ಷೆಗೆ ಕೂರಬೇಕಾದರೆ ಪ್ರತಿಯೊಬ್ಬಳ ಕೇಸ್ ಬುಕ್ಕಿನಲ್ಲಿ ಸ್ವಂತ ಕೈಯಿಂದ ಮಾಡಿಸಿದ ಇಪ್ಪತ್ತು ಹೆರಿಗೆ ಇರಲೇಬೇಕು. ಇನ್‌ಸ್ಪೆಕ್ಷನ್ ಹಿಂದಿನ ದಿನ ಹಾಸ್ಟೆಲಿನಲ್ಲಿ ಕೂತು ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು, ನೆನಪಾದ ಹೆಂಗಸರ ಹೆಸರನ್ನೆಲ್ಲ ತುಂಬಿಸಿದಿರಿ. ನಿನ್ನ ಪುಸ್ತಕದಲ್ಲಿ ಆದಿವಾಲದ ದುರುಗಕ್ಕ ಮಾರ್ಚ್‌ನಲ್ಲಿ ಒಮ್ಮೆ ಹೆತ್ತವಳು ಜೂನ್‌ನಲ್ಲಿ ಮತ್ತೆ ಹೆತ್ತಿದ್ದಳು! ನಾನು ಬಿದ್ದು ಬಿದ್ದು ನಕ್ಕೆ. ಜೂನ್ ತಿಂಗಳ ಹೆಸರು ಬದಲಿಸು ಎಂದೆ. ನೀನು ಬದಲಿಸಿ ತಂದೆ, ನಾನು ಸಹಿ ಹಾಕಿದೆ.

ಇದನ್ನೆಲ್ಲ ಹೇಳಿದರೆ ರೇಣುಕಾ ಇವತ್ತೇ ಇಲ್ಲಿ ಉಳಿಯುತ್ತಾಳೆ. ಹೇಳಲು ನಾಲಿಗೆ ಏಳುತ್ತಿಲ್ಲ ಕಣೇ. ಊರಿಗೆಲ್ಲ ಅಮ್ಮನ ಹೆಸರು ಹೇಳಿಕೊಂಡು ಓಡಾಡುವ ಮಗಳು. ಅದಕ್ಕೇ ನೀನೊಂದು ಕೆಲಸ ಮಾಡಬೇಕು. ಬುಧವಾರ ತಪಾಸಣೆಗೆ ಬಂದಾಗ ಅವಳ ತಾಯಿ ಕಾರ್ಡಿನಲ್ಲಿ ಬಿಪಿ ಜಾಸ್ತಿ ಎಂದು ಬರೆ. ಇಲ್ಲಿ ಹೆರಿಗೆ ಬೇಡ, ದುರ್ಗಕ್ಕೇ ಹೋಗಬೇಕು ಎಂದು ಗಟ್ಟಿಯಾಗಿ ಹೇಳು. ಇಲ್ಲದ್ದನ್ನು ಬರೆಯುವುದನ್ನು ನಾನೇ ಕಲಿಸಿದ್ದೇನೆ, ಅದರಲ್ಲಿ ನೀನು ತಪ್ಪಲಾರೆ. ಇಲ್ಲಿ ನನಗೆ ಗೊತ್ತಿರುವ ನರ್ಸಿಂಗ್ ಹೋಮಿನಲ್ಲಿ ಬೆಡ್ ಹಿಡಿಸಿಡುತ್ತೇನೆ.

ನಿನ್ನ ಹತ್ತಿರ ಬರುವ ಉಳಿದ ಬಸುರಿಯರ ಗತಿ ಏನು ಮೇಡಂ ಎಂದು ನೀನು ಕೇಳಬಹುದು. ಈಗ ಕೇಳಬೇಡ, ನನ್ನ ಮಗಳ ಬಾಣಂತನ ಮುಗಿಯಲಿ.

ಕಾಗದ ಓದಿದ ಕೂಡಲೇ ಸುಟ್ಟುಬಿಡು.

ನಿನ್ನ ಒಳಿತನ್ನು ಬಯಸುವ,
ಸರ್ವಮಂಗಳಾ

ವಿ.ಸೂ.: ಬೆಡ್ಡಿಗಾಗಿ ಆ ನರ್ಸಿಂಗ್ ಹೋಮಿಗೆ ಈಗಷ್ಟೇ ಫೋನ್ ಮಾಡಿದೆ. ಮಗಳ ಹೆರಿಗೆ ಎನ್ನುವಷ್ಟರಲ್ಲೇ ಎತ್ತಿದ ಹುಡುಗಿ ನನ್ನ ದನಿ ಗುರುತಿಸಿ ಕುಣಿದಾಡಿಬಿಟ್ಟಳು. "ಮೇಡಂ, ನಾನು ನೇತ್ರಾವತಿ, ಸಹನಾ ಬ್ಯಾಚಿನವ್ಳು! ಹೆರಿಗೆ ವಾರ್ಡು ಈಗ ನಂದೇ ಐತೆ, ಡಾಕ್ಟ್ರು ಕೊನೇಗೆ ಬರ್ತಾರೆ ಅಷ್ಟೇ. ಅಕ್ಕನ್ನ ಕಳಿಸ್ರಿ, ಎಲ್ಲ ನಾನೇ ನೋಡ್ಕಂತೀನಿ." ಅವಳ ಪುಸ್ತಕಕ್ಕೂ ಅದೇ ದಿನ ಸಹಿ ಹಾಕಿದ್ದೆ. ಬೆಡ್ ಬೇಕೆಂದೂ ಹೇಳದೆ, ಬೇಡವೆಂದೂ ಹೇಳದೆ ಫೋನ್ ಇಟ್ಟೆ. ಬಸ್ಸಿಗೆ ಹೊತ್ತಾಯಿತೆಂದು ರೇಣುಕಾ ಬಾಗಿಲಲ್ಲಿ ನಿಂತು ಲಕೋಟೆ ಕೇಳುತ್ತಿದ್ದಾಳೆ. ಕಾರ್ಡಿನಲ್ಲಿ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ, ಸಹನಾ.