ಹದಿನೇಳನೆಯ ಟ್ಯೂಬು

ನರ್ಸಿಂಗ್ ಹಾಸ್ಟೆಲ್, ಬಂಗಾರಪೇಟೆ
ಗುರುವಾರ, 17 ಜುಲೈ 2025

ಪ್ರೀತಿಯ ಅಮ್ಮಾ,

ಊಟ ಆಯಿತಾ ಎಂದು ಕೇಳುವುದಿಲ್ಲ, ಆಗಿರುವುದಿಲ್ಲ ಅಂತ ಗೊತ್ತು. ಫಸ್ಟ್ ಇಯರ್‌ನವರ ಫೋನುಗಳೆಲ್ಲ ಭಾನುವಾರದವರೆಗೂ ವಾರ್ಡನ್ ಬೀರುವಿನಲ್ಲಿ, ಲ್ಯಾಂಡ್‌ಲೈನ್ ಅವರ ಮೇಜಿನ ಮೇಲೆ. ನಿನ್ನ ರಿಟೆಸ್ಟ್ ಶನಿವಾರ. ಅದಕ್ಕೇ ಈ ಕಾಗದವನ್ನು ಮೆಸ್ಸಿನ ಪೆದ್ದಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಬೆಳಗಿನ ರೈಲಿಗೆ ಅವಳು ಉರಿಗಾಂಗೆ ಬರುತ್ತಾಳೆ. ಓದಿ ಹರಿದುಹಾಕು, ಪ್ಲೀಸ್.

ಮ್ಯಾಟ್ರನ್ ಆದಿಲಕ್ಷ್ಮಮ್ಮ ನಿನ್ನನ್ನು ಐಸಿಯುನಿಂದ ತೆಗೆದು ಲಿನನ್ ರೂಮಿಗೆ ಹಾಕಿದ ದಿನ ನೀನು ಹಾಸ್ಟೆಲಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಕೂಗಾಡಿದೆಯಲ್ಲ, ‘ಎಲ್ರ ಮುಂದೇನೇ ಇನ್ನೊಂದ್ ಸಲ ಟ್ಯೂಬಿಗೆ ಉಗೀತೀನಿ ಕಣೇ, ಆ ಮಿಷಿನ್ ಸುಳ್ಳೋ ನಾನ್ ಸುಳ್ಳೋ ನೋಡೇ ಬಿಡ್ತೀನಿ’ ಅಂತ, ಆವತ್ತಿನಿಂದ ನನಗೆ ನಿದ್ದೆ ಇಲ್ಲ. ಅಮ್ಮಾ, ರಿಟೆಸ್ಟ್ ಬೇಡ. ಲಿನನ್ ರೂಮೇನು ಕೆಟ್ಟದ್ದಲ್ಲ. ಒಗೆದು ಬಂದದ್ದನ್ನು ಮಡಿಸಿ ಇಡುವುದು, ಅಷ್ಟೇ. ಬೆಡ್‌ಶೀಟುಗಳು ಸಾಯುವುದಿಲ್ಲ. ಹನ್ನೊಂದು ವರ್ಷ ಐಸಿಯು ಮಾಡಿದ್ದೀಯ, ಇನ್ನಾದರೂ ಸ್ವಲ್ಪ ಕೂತುಕೋ.

ಇದನ್ನೆಲ್ಲ ನಿನ್ನ ಒಳ್ಳೆಯದಕ್ಕೇ ಬರೆಯುತ್ತಿದ್ದೇನೆ ಅಂತ ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದುಹಾಕಿದೆ. ಪೂರ್ತಿ ಹೇಳಿಬಿಡುತ್ತೇನೆ.

ನಮ್ಮ ಸುಧಾಕರ್ ಸರ್ ಪ್ರಾಜೆಕ್ಟು ನಿನಗೆ ಗೊತ್ತೇ ಇದೆ: ನರ್ಸುಗಳ ಎಂಜಲಿನಲ್ಲಿ ಕಾರ್ಟಿಸಾಲ್ ಎಷ್ಟಿದೆ ಅಂತ ಅಳೆಯುವುದು. ಟೆನ್ಶನ್ ಆದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ಟ್ಯೂಬಿನ ಮೇಲೆ ಬರೀ ನಂಬರು. ಯಾವ ನಂಬರು ಯಾರದು ಎಂಬ ಪಟ್ಟಿ ನನ್ನೊಬ್ಬಳ ಹತ್ತಿರ. ಯಾರಿಗೂ ತೋರಿಸಕೂಡದು ಅಂತ ಸರ್ ಪ್ರಾಮಿಸ್ ಮಾಡಿಸಿಕೊಂಡಿದ್ದರು. ಆದರೆ ಟ್ಯೂಬು ಹಿಡಿದು ನಿಮ್ಮ ಆಸ್ಪತ್ರೆಗೆ ಬಂದ ದಿನವೇ ಸುದ್ದಿ ಹಬ್ಬಿತ್ತು, ಯಾರದು ಜಾಸ್ತಿ ಬರುತ್ತದೋ ಅವರನ್ನು ಮ್ಯಾಟ್ರನ್ ಐಸಿಯುನಿಂದ ಓಡಿಸುತ್ತಾರೆ ಅಂತ.

ಆ ಬೆಳಿಗ್ಗೆ ನಿನ್ನ ಡ್ಯೂಟಿ ಮುಗಿಯುವ ಹೊತ್ತಿಗೆ ಮೂರನೇ ಬೆಡ್ಡಿನ ಬಾಣಂತಿ ಹೋಗಿಬಿಟ್ಟಿದ್ದಳು. ಟ್ಯೂಬಿನ ಮುಚ್ಚಳ ತೆಗೆಯಲು ನಿನ್ನ ಕೈ ಬರಲಿಲ್ಲ, ನಾನೇ ತೆಗೆದುಕೊಟ್ಟೆ. ನೀನು ಅಳಲಿಲ್ಲ. ನನ್ನನ್ನು ನೋಡಿ ‘ಟಿಫನ್ ಆಯ್ತೇನೇ’ ಅಂದೆ. ನಿನ್ನದೇ ಜಾಸ್ತಿ ಬರುತ್ತದೆ ಅಂದುಕೊಂಡೆ. ಆಮೇಲೆ ಪುಷ್ಪಕ್ಕನ ಸರದಿ. ಅವಳು ಗಟ್ಟಿಯಾಗಿ ನಗುತ್ತಾ ‘ಏನೇ ಪಾಪಾ, ನನ್ ಎಂಜ್ಲು ಒತ್ಕೊಂಡೋಗಿ ಏನ್ ಮಾಡ್ತೀಯ, ಉಪ್ಪಿನ್ಕಾಯಿ ಆಕ್ತೀಯಾ?’ ಅಂದು ಇಡೀ ವಾರ್ಡನ್ನು ನಗಿಸಿದಳು. ಇವಳಿಗೆಲ್ಲಿಯ ಟೆನ್ಶನ್ ಅಂದುಕೊಂಡೆ.

ನಿನ್ನದು ಹದಿನೇಳು. ಅವಳದು ಹದಿನೆಂಟು. ರೈಲಿನಲ್ಲಿ ಐಸ್ ಬಾಕ್ಸು ತೊಡೆಯ ಮೇಲಿತ್ತು. ಎದುರಿಗಿದ್ದ ತಾತ ‘ಐಸ್ ಕ್ರೀಮಾ ಪಾಪಾ?’ ಅಂದ. ಹೌದು ತಾತಾ ಅಂದೆ. ಅವನು ಇಳಿದ ಮೇಲೆ ಎರಡು ಟ್ಯೂಬಿನ ಸ್ಟಿಕ್ಕರು ಕಿತ್ತು ಅದಲುಬದಲು ಮಾಡಿ ಅಂಟಿಸಿದೆ. ನಿನ್ನನ್ನು ಉಳಿಸಲು, ಅಮ್ಮಾ. ಆಣೆ.

ರಿಪೋರ್ಟು ಬಂತು. ನಲವತ್ತೊಂದು ಜನರಲ್ಲಿ ಎಲ್ಲಕ್ಕಿಂತ ಜಾಸ್ತಿ ಹದಿನೇಳು. ಎಲ್ಲಕ್ಕಿಂತ ಕಡಿಮೆ ಹದಿನೆಂಟು. ಹದಿನೇಳರ ಸ್ಟಿಕ್ಕರಿನೊಳಗಿದ್ದದ್ದು ಪುಷ್ಪಕ್ಕನ ಎಂಜಲು; ಅಷ್ಟೆಲ್ಲ ನಗುವವಳ ಮೈಯಲ್ಲಿ ಅಷ್ಟು ಇತ್ತು. ಮ್ಯಾಟ್ರನ್ ನನ್ನನ್ನು ಕರೆಸಿ ಆ ಎರಡು ನಂಬರು ಯಾರದು ಅಂತ ಕೇಳಿದರು. ನಾನು ಪಟ್ಟಿ ಹುಡುಕುವವಳ ಹಾಗೆ ಬ್ಯಾಗು ತಡಕುತ್ತಿದ್ದಕ್ಕೆ ‘ಎಸ್ರು ಏಳಕ್ಕೆ ಇಷ್ಟೊತ್ತೇನಮ್ಮಾ? ನಿನ್ ಪೋಸ್ಟಿಂಗ್ ಬುಕ್ಕಿಗೆ ಸೈನ್ ಆಕೋಳು ನಾನೇ, ಗ್ಯಾಪ್ಕ ಇಟ್ಕೋ’ ಅಂದರು. ಹದಿನೇಳು ಶಶಿರೇಖ, ಹದಿನೆಂಟು ಪುಷ್ಪ ಅಂದುಬಿಟ್ಟೆ. ಸ್ಟಿಕ್ಕರಿನ ವಿಷಯ ಬಾಯಿಗೆ ಬರಲಿಲ್ಲ. ಹೇಳಿದ್ದರೆ ನನ್ನನ್ನು ಆವತ್ತೇ ಕಾಲೇಜಿನಿಂದ ಕಳಿಸುತ್ತಿದ್ದರು.

ಈಗ ಪುಷ್ಪಕ್ಕ ಐಸಿಯು ಇನ್‌ಚಾರ್ಜ್. ನಿನ್ನೆ ನಿಮ್ಮ ಆಸ್ಪತ್ರೆಗೆ ಬಂದಿದ್ದೆ, ನಿನ್ನ ಮುಂದೆ ನಿಲ್ಲಲು ಧೈರ್ಯ ಸಾಲಲಿಲ್ಲ; ಅವಳು ಮೆಟ್ಟಿಲ ಹತ್ತಿರ ಸಿಕ್ಕಿದಳು, ನಗಲಿಲ್ಲ. ‘ಅಕ್ಕನ್ ಜಾಗ ನಂಗ್ಯಾಕೆ ಪಾಪಾ, ಡ್ಯೂಟಿಗೆ ಬರೋಕ್ ಮುಂಚೆ ದಿನಾ ವಾಂತಿ ಆಯ್ತದೆ’ ಅಂದಳು. ರಿಪೋರ್ಟ್ ಪ್ರಕಾರ ನೀವೇ ಸ್ಟ್ರಾಂಗ್ ಅಕ್ಕಾ ಅಂದು ಬಂದೆ.

ಇನ್ನೊಂದಿದೆ. ಸೋಮವಾರ ಕ್ಲಾಸಿನಲ್ಲಿ ಸರ್ ಹೇಳಿದರು, ತೀರಾ ಕಡಿಮೆ ಬಂದರೆ ಅದು ನೆಮ್ಮದಿ ಅಂತ ಅಂದುಕೊಳ್ಳಬೇಡಿ, ವರ್ಷಗಟ್ಟಲೆ ದಣಿದ ಮೈ ಕೆಲವೊಮ್ಮೆ ಹಾರ್ಮೋನು ಏರಿಸುವುದನ್ನೇ ಬಿಟ್ಟುಬಿಡುತ್ತದೆ, ಅಂಥವರನ್ನು ಮೊದಲು ಡಾಕ್ಟರಿಗೆ ತೋರಿಸಬೇಕು ಅಂತ. ನಾನು ನೋಟ್ಸ್ ಬರೆದುಕೊಂಡೆ. ಎಲ್ಲಕ್ಕಿಂತ ಕಡಿಮೆ ಬಂದದ್ದು ನಿಜವಾಗಿ ನಿನ್ನದು. ಶನಿವಾರ ಟೆಸ್ಟ್ ಕೊಟ್ಟರೆ ಮತ್ತೆ ಅಷ್ಟೇ ಕಡಿಮೆ ಬರಬಹುದು. ಮ್ಯಾಟ್ರನ್‌ಗೆ ಇದೆಲ್ಲ ತಿಳಿಯದು, ಖುಷಿಯಾಗಿ ನಿನ್ನನ್ನು ವಾಪಸ್ ಐಸಿಯುಗೇ ಹಾಕುತ್ತಾರೆ. ಸರ್ ಮಾತ್ರ ಎರಡು ರಿಪೋರ್ಟು ಪಕ್ಕಪಕ್ಕ ಇಟ್ಟು ನೋಡುತ್ತಾರೆ, ಐಸ್ ಬಾಕ್ಸು ತಂದವಳು ಯಾರು ಅಂತ ಕೇಳುತ್ತಾರೆ. ನಿನಗೆ ಐಸಿಯು ಸಿಗುತ್ತದೆ, ನನ್ನ ಸೀಟು ಹೋಗುತ್ತದೆ. ಶನಿವಾರ ನೀನು ಹೋಗದಿದ್ದರೆ ಸಾಕು, ಅಮ್ಮಾ. ಆಮೇಲೆ ಯಾವುದಾದರೂ ಡಾಕ್ಟರಿಗೆ ತೋರಿಸಿಕೋ. ಸುಸ್ತು ಅಂತ ಮಾತ್ರ ಹೇಳು.

ನಿನಗೆ ನನ್ನ ಮೇಲೆ ಸಿಟ್ಟು ಬಂದರೆ ನಾನೇನೂ ಅಂದುಕೊಳ್ಳುವುದಿಲ್ಲ.

ನಿನ್ನ ಒಬ್ಬಳೇ ಮಗಳು,
ಸುಮಿತಾ

ತಾ.ಕ.: ನೀನು ಒಪ್ಪುತ್ತೀಯೋ ಇಲ್ಲವೋ ಎಂಬ ಭಯಕ್ಕೆ ನಿನ್ನೆಯೇ ನಿನ್ನ ಹೆಸರಿನಲ್ಲಿ ಮ್ಯಾಟ್ರನ್‌ಗೆ ಅರ್ಜಿ ಕೊಟ್ಟು ಬಂದಿದ್ದೇನೆ. ರಿಟೆಸ್ಟ್ ಬೇಡ, ಲಿನನ್ ರೂಮಿಗೆ ನನ್ನ ಒಪ್ಪಿಗೆ ಇದೆ, ಐಸಿಯು ಕೆಲಸ ಇನ್ನು ನನ್ನಿಂದ ಆಗದು ಅಂತ. ಆರನೇ ಕ್ಲಾಸಿನಿಂದಲೂ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಲು ನನ್ನ ಸ್ಕೂಲ್ ಹಾಸ್ಟೆಲಿಗೆ ಬರುವಷ್ಟು ರಜೆ ನಿನಗೆ ಸಿಗುತ್ತಿರಲಿಲ್ಲ, ‘ನೀನೇ ಆಕ್ಕೊಳ್ಳೇ’ ಅನ್ನುತ್ತಿದ್ದೆ. ಮ್ಯಾಟ್ರನ್ ಹಾಜರಿ ಪುಸ್ತಕ ತೆಗೆದು ಸಹಿಯನ್ನು ಹೋಲಿಸಿ ನೋಡಿದರು. ಆಮೇಲೆ ಸೀಲು ಒತ್ತಿದರು.